ಎಂಜಿನಿನ ಹಳೆಯ ಎಣ್ಣೆ



ಶಿರೂರು ಎಂದೊಡನೆ ನಮ್ಮಲ್ಲಿ ಅನೇಕರಿಗೆ ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠವೋ, ಕರಾವಳಿಯ ಶಿರೂರೋ ನೆನಪಿಗೆ ಬರುವುದು ಸಹಜ. ನಾನು ಈಗ ಹೇಳಹೊರಟಿರುವುದು ಆ ಊರುಗಳ ಮಾತಲ್ಲ. ನಮ್ಮ ಪುಣೆಯಿಂದ ಅಹಮದನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 70 ಕಿಲೋಮೀಟರ್ ದೂರ ಸಾಗಿದರೆ ಇನ್ನೊಂದು ಶಿರೂರು ಸಿಕ್ಕುತ್ತದೆ. ಪುಣೆ ಜಿಲ್ಲೆಯ ಒಂದು ತಾಲೂಕಿನ ಮುಖ್ಯ ಪಟ್ಟಣವದು. ಘೋಡ ನದಿಯ ದಂಡೆಯ ಮೇಲಿರುವುದರಿಂದ ಅದಕ್ಕೆ ಘೋಡನದಿ ಎಂಬ ಹೆಸರೂ ಉಂಟು. ಆ ಊರಿನ ಹೊರವಲಯದ ಒಂದು ಸಣ್ಣ ಗ್ಯಾರೇಜಿನಲ್ಲಿ ನಾನು ಒಂದು ಮಧ್ಯಾಹ್ನವನ್ನು ಕಳೆಯಬೇಕಾಗಿ ಬಂದಿತು. ಆ ಮಧ್ಯಾಹ್ನ ನನಗೆ ತಿಳಿದುಬಂದ ವಿಷಯವನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಈ ಲೇಖನವನ್ನು ಬರೆದಿದ್ದೇನೆ.

ಮಳೆಗಾಲ ಮುಗಿಯುತ್ತ ಬಂದಿದ್ದ ಸಮಯ. ಶಿರೂರಿನಲ್ಲಿ ಮಿತ್ರರೊಬ್ಬರ ಗೃಹಪ್ರವೇಶವಿದ್ದುದರಿಂದ ನಾನೂ ನನ್ನ ಸೋದರಮಾವನವರೂ ಅವರ ಹಳೆಯ ಪೆಟ್ರೋಲ್ ಕಾರಿನಲ್ಲಿ ಹೊರಟೆವು. ಆ ಕಾರು ಮೂರು ವಾರಗಳ ಹಿಂದೆ ತಗ್ಗಿನ ಬೀದಿಯೊಂದರಲ್ಲಿ ಮಳೆಯ ನೀರಿಗೆ ಸಿಕ್ಕಿ ಒಂದು ರಾತ್ರಿಯೆಲ್ಲ ಅರ್ಧ ಮುಳುಗಿ ನಿಂತಿತ್ತು. ಬಳಿಕ ಅದನ್ನು ಒಂದು ಗ್ಯಾರೇಜಿಗೆ ಒಯ್ದು ಒಣಗಿಸಿ, ಎಂಜಿನಿನ ಎಣ್ಣೆಯನ್ನೂ ಬದಲಾಯಿಸಿದ್ದಾಗಿತ್ತು. ಅಲ್ಲಿಯವರು ನಮ್ಮ ಕಣ್ಣೆದುರಿಗೇ ಐದಾರು ನಿಮಿಷಗಳಲ್ಲಿ ಕೆಲಸ ಮುಗಿಸಿ ಕೊಟ್ಟಾಗ, ಎಷ್ಟು ಚುರುಕಿನ ಜನರೆಂದು ನಾವು ಮೆಚ್ಚಿಕೊಂಡಿದ್ದೆವು.

ಕೋರೆಗಾಂವದ ಬಳಿ ಹೆದ್ದಾರಿಯು ಭೀಮಾ ನದಿಯನ್ನು ದಾಟುತ್ತದೆ. ಸೇತುವೆಯ ಮೇಲೆ ಬಂದಾಗ ಮಾವನವರು ವಾಡಿಕೆಯಂತೆ ನದಿಗೆ ಒಂದು ಕೈಯಿಂದಲೇ ನಮಸ್ಕರಿಸಿದರು. ಕಲಬುರ್ಗಿ ಜಿಲ್ಲೆಯ ಅಫಜಲಪುರ ತಾಲೂಕಿನಲ್ಲಿ ಇದೇ ಭೀಮೆಯ ದಂಡೆಯ ಮೇಲಿರುವ ಒಂದು ಹಳ್ಳಿಯೇ ನಮ್ಮ ಮೂಲಸ್ಥಾನ. ಮುಂದೆ ರಾಂಜಣಗಾಂವ ಬಂದಿತು. ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಕ್ಷೇತ್ರವದು. ಅದರ ನೆರೆಯಲ್ಲಿಯೇ ದೊಡ್ಡ ಔದ್ಯೋಗಿಕ ವಸಾಹತು ಬೆಳೆದಿದೆ. ಜೀಪ್ ಕಂಪಾಸ್ ಎಂಬ ಗಾಡಿಯನ್ನು ನಮ್ಮ ದೇಶದಲ್ಲಿ 2017ರಲ್ಲಿ ತಯಾರಿಸತೊಡಗಿದ್ದು ಅಲ್ಲಿಯ ಕಾರ್ಖಾನೆಯಲ್ಲಿಯೇ. ಹೊಸ ಗಾಡಿಗಳು ಹುಟ್ಟುವ ಆ ಸ್ಥಳವನ್ನು ದಾಟಿ ನಮ್ಮ ಹಳೆಯ ಗಾಡಿಯು ಶಿರೂರಿನ ಸಮೀಪಕ್ಕೆ ಬರುತ್ತಿದ್ದಂತೆ, ಚಾಲಕನ ಮುಂದಿನ ಫಲಕದಲ್ಲಿ ಎಣ್ಣೆಯ ಗಿಂಡಿಯ ಆಕಾರದ ಕೆಂಪು ದೀಪವೊಂದು ಮಿಣಮಿಣನೆ ಬೆಳಗಿತು.

"ಊರು ಬಂದೇ ಬಿಟ್ಟದ, ಹಾಂಗೇ ಹೋಗೋಣು" ಎಂದರು ಮಾವನವರು. ನಾನು ಒಪ್ಪಲಿಲ್ಲ. ಆ ಕೆಂಪು ದೀಪದ ಅರ್ಥ, ಎಂಜಿನಿನೊಳಗೆ ಎಣ್ಣೆಯ ಒತ್ತಡ ಇಳಿದಿದೆ ಎಂದು. ಅದು ಬೆಳಗಿದ ಮೇಲೆ ಗಾಡಿಯನ್ನು ಒಂದು ಮಾರು ದೂರವೂ ಓಡಿಸಬಾರದು. ಎಂಜಿನನ್ನು ನಿಲ್ಲಿಸಿ, ದಾರಿಹೋಕರ ನೆರವಿನಿಂದ ಗಾಡಿಯನ್ನು ತಳ್ಳಿಸಿಕೊಂಡು ಹೋಗಿ ಬೇವಿನ ಮರದಡಿಯ ಒಂದು ಗ್ಯಾರೇಜನ್ನು ಸೇರಿದೆವು.

ಅಲ್ಲಿಯ ಮಿಸ್ತ್ರಿಯು ಐವತ್ತು ದಾಟಿದ ಶಾಂತ ಮನುಷ್ಯ. ನಮ್ಮ ಮಾತನ್ನೆಲ್ಲ ಕೇಳಿಕೊಂಡು, ಎಂಜಿನಿನ ಪಕ್ಕದಿಂದ ಎಣ್ಣೆಯ ಅಳತೆಕಡ್ಡಿಯನ್ನು ಎಳೆದು ನೋಡಿದನು. ಕಡ್ಡಿಗೆ ಹತ್ತಿದ್ದ ಎಣ್ಣೆ ಹೊಂಬಣ್ಣದ್ದೂ ಅಲ್ಲ, ಕಪ್ಪೂ ಅಲ್ಲ. ಹಾಲು ಹೆಚ್ಚಾದ ಕಾಫಿಯ ಬಣ್ಣದ್ದು! ಮೇಲಾಗಿ ಅದು ಕಡ್ಡಿಯ ಮೇಲಿನ ಗೆರೆಯನ್ನು ಮೀರಿ ಎರಡು ಬೆರಳಿನಷ್ಟು ಮೇಲಕ್ಕೇರಿತ್ತು. ಎಂಜಿನು ತಣ್ಣಗಾದ ಮೇಲೆ ಅವನು ರೇಡಿಯೇಟರಿನ ನೀರನ್ನೂ ಪರೀಕ್ಷಿಸಿದನು. ಅದು ಕಡಮೆಯಾಗಿರಲಿಲ್ಲ, ಅದರ ಮೇಲೆ ಜಿಡ್ಡೂ ತೇಲುತ್ತಿರಲಿಲ್ಲ. ಆದುದರಿಂದ ಎಣ್ಣೆಗೆ ಸೇರಿದ ನೀರು ಎಂಜಿನಿನದೇ ಅಲ್ಲ, ಹೊರಗಿನಿಂದ ಬಂದ ಮಳೆನೀರು ಎಂದು ಅವನು ನಿರ್ಣಯಿಸಿದನು. ಬಳಿಕ ಮರಾಠಿಯಲ್ಲಿ ನನಗೆ ಹೇಳಿದನು: "ಗುರೂಜಿ, ಅವರು ಹೊಸ ಎಣ್ಣೆ ಹಾಕಿದ್ದಾರೆ, ಹಳೆಯದನ್ನು ಮಾತ್ರ ತೆಗೆದಿಲ್ಲ."

ಎಣ್ಣೆಯ ಕೆಲಸವೇನು?

ಆ ಮಾತಿನ ಮಹತ್ತ್ವ ತಿಳಿಯಬೇಕಾದರೆ ಎಂಜಿನಿನಲ್ಲಿ ಎಣ್ಣೆ ಮಾಡುವ ಕೆಲಸವನ್ನು ಮೊದಲು ಅರಿಯಬೇಕು. ಎಂಜಿನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಪಿಸ್ಟನ್ನೂ ಸೆಕೆಂಡಿಗೆ 50 ಸಲ ಮೇಲೇರಿ 50 ಸಲ ಕೆಳಗಿಳಿಯುತ್ತದೆ. ಆ ಚಲನೆಯನ್ನು ಕ್ರ್ಯಾಂಕ್ ಎಂಬ ಉಕ್ಕಿನ ದಂಡವು ಸುತ್ತುವ ಚಲನೆಯನ್ನಾಗಿ ಮಾಡಿ ಗಾಲಿಗಳಿಗೆ ಕಳುಹಿಸುತ್ತದೆ. ಆ ದಂಡವನ್ನು ಹಿಡಿದಿರುವ ಬೇರಿಂಗುಗಳಿಗೂ ದಂಡಕ್ಕೂ ನಡುವೆ ಇರುವ ಸಂದು ಒಂದು ಮಿಲಿಮೀಟರಿನ ಕೆಲವು ನೂರನೆಯ ಭಾಗಗಳಷ್ಟು ಮಾತ್ರ. ನಮ್ಮ ತಲೆಗೂದಲು ಸಹ ಅದರಲ್ಲಿ ಹಿಡಿಸಲಾರದು. ಆ ಸಂದಿನಲ್ಲಿ ಎಣ್ಣೆಯ ತೆಳುವಾದ ಪೊರೆಯೊಂದು ನಿಂತಿರುತ್ತದೆ. ಎಂಜಿನು ಸರಿಯಾಗಿ ನಡೆಯುತ್ತಿರುವಾಗ ಉಕ್ಕು ಉಕ್ಕನ್ನು ಮುಟ್ಟುವುದೇ ಇಲ್ಲ. ದಂಡವು ಎಣ್ಣೆಯ ಮೇಲೆ ತೇಲುತ್ತ ತಿರುಗುತ್ತದೆ ಎಂದರೂ ಸಲ್ಲುತ್ತದೆ.

ಎಂಜಿನಿನ ಅಡಿಯಲ್ಲಿ ಒಂದು ತಟ್ಟೆಯಂತಹ ಪಾತ್ರೆಯಿರುತ್ತದೆ. ಗ್ಯಾರೇಜಿನವರು ಅದನ್ನು ಚೇಂಬರ್ ಎನ್ನುವರು. ಎಣ್ಣೆಯು ಇದರಲ್ಲಿ ಸಂಗ್ರಹವಾಗಿರುತ್ತದೆ. ಒಂದು ಸಣ್ಣ ಪಂಪು ಅದನ್ನು ಹೀರಿ ಫಿಲ್ಟರಿನ ಮೂಲಕ ದಾಟಿಸಿ, ಎಂಜಿನಿನ ಒಡಲಿನಲ್ಲಿ ಕೊರೆದಿರುವ ಇಕ್ಕಟ್ಟಾದ ಓಣಿಗಳ ಮೂಲಕ ಬೇರಿಂಗುಗಳಿಗೂ, ಎಲ್ಲಕ್ಕಿಂತ ಮೇಲಿರುವ ವಾಲ್ವುಗಳಿಗೂ ತಲುಪಿಸುತ್ತದೆ. ಕೆಲಸ ಮುಗಿಸಿದ ಎಣ್ಣೆ ತಾನಾಗಿ ತೊಟ್ಟಿಕ್ಕಿ ಮತ್ತೆ ಚೇಂಬರಿಗೆ ಬಂದು ಬೀಳುತ್ತದೆ. ನಮ್ಮ ದೇಹದಲ್ಲಿ ರಕ್ತವು ಸುತ್ತುವಂತೆ ಎಂಜಿನಿನಲ್ಲಿ ಎಣ್ಣೆ ಸುತ್ತುತ್ತದೆ.

ಈ ಎಣ್ಣೆಯು ಬರಿಯ ಜಾರಿಕೆಯನ್ನುಂಟುಮಾಡಿ ಸುಮ್ಮನಾಗುವುದಿಲ್ಲ. ಅದು ಬಿಸಿಯಾದ ಭಾಗಗಳಿಂದ ಶಾಖವನ್ನು ಹೊತ್ತು ತರುತ್ತದೆ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವಿನ ಸಂದನ್ನು ಮುಚ್ಚುತ್ತದೆ. ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಪಾಡುತ್ತದೆ. ಇವೆಲ್ಲಕ್ಕೂ ಮಿಗಿಲಾಗಿ, ಎಂಜಿನಿನೊಳಗಿನ ಕೊಳೆಯನ್ನೆಲ್ಲ ತನ್ನ ಮೈಮೇಲೆ ಎಳೆದುಕೊಳ್ಳುತ್ತದೆ. ಕೊಳೆಯ ಕಣಗಳು ಒಂದಕ್ಕೊಂದು ಅಂಟಿ ತಳದಲ್ಲಿ ಹೆಪ್ಪುಗಟ್ಟದೆ ಎಣ್ಣೆಯಲ್ಲಿಯೇ ತೇಲಾಡುತ್ತಿರಲೆಂದು ತಯಾರಕರು ಅದರಲ್ಲಿ ಸಾಬೂನಿನಂತಹ ಗುಣವುಳ್ಳ ದ್ರವ್ಯಗಳನ್ನು ಬೆರೆಸಿರುತ್ತಾರೆ. ಆದುದರಿಂದ ಎಣ್ಣೆ ಕಪ್ಪಾದ ಮಾತ್ರಕ್ಕೆ ಅದು ಕೆಟ್ಟಿತೆಂದು ತಿಳಿಯಬಾರದು. ತನ್ನ ಕೆಲಸವನ್ನು ಮಾಡಿದೆ ಎಂದು ತಿಳಿಯಬೇಕು. ಆದರೆ ಹೊರುವ ಶಕ್ತಿಗೂ ಒಂದು ಮಿತಿಯುಂಟಷ್ಟೆ. ಆ ಮಿತಿ ಬಂದಾಗ ಎಣ್ಣೆಯನ್ನು, ಅದು ಹೊತ್ತ ಕೊಳೆಯ ಸಮೇತವಾಗಿ, ಹೊರಗೆ ಕಳುಹಿಸಲೇಬೇಕು.

ಎಣ್ಣೆ ಕೆಡುವುದು ಹೇಗೆ?

ಪೆಟ್ರೋಲು ಉರಿದಾಗ ಹೊಗೆಯೊಂದೇ ಅಲ್ಲ, ನೀರೂ ಹುಟ್ಟುತ್ತದೆ. ಇದನ್ನು ಕೇಳಿ ನೀವು ಆಶ್ಚರ್ಯಪಡಬಹುದು. ಪೆಟ್ರೋಲಿನಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚು ಕಡಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಅದರ ಬಹುಭಾಗವು ಉಗಿಯಾಗಿ ಹೊಗೆಕೊಳವೆಯಿಂದ ಹೊರಟುಹೋಗುತ್ತದೆ. ಸ್ವಲ್ಪ ಭಾಗ ಪಿಸ್ಟನ್ನಿನ ಸಂದಿನಿಂದ ನುಸುಳಿ ಎಣ್ಣೆಯನ್ನು ಸೇರುತ್ತದೆ. ಎಂಜಿನು ಚೆನ್ನಾಗಿ ಬಿಸಿಯಾದರೆ ಆ ನೀರು ಆವಿಯಾಗಿ ಹೋಗುತ್ತದೆ; ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ ಎಂದು ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಅದು ಹೋಗದೆ ಉಳಿಯುತ್ತದೆ. ನಗರದ ಕಾರುಗಳು ಕಡಮೆ ಓಡಿದರೂ ಅವುಗಳ ಎಣ್ಣೆ ಬೇಗ ಕೆಡುವುದಕ್ಕೆ ಇದೊಂದು ಕಾರಣ.

ನೀರಲ್ಲದೆ ಉರಿಯದ ಪೆಟ್ರೋಲು, ಮಸಿ, ಸವೆದ ಲೋಹದ ಪುಡಿ, ಗಾಳಿಯೊಡನೆ ಬಂದ ಧೂಳು, ಉರಿಯುವಾಗ ಹುಟ್ಟಿದ ಆಮ್ಲಗಳು, ಇವೂ ಎಣ್ಣೆಯನ್ನು ಸೇರುತ್ತವೆ. ಬಹುಕಾಲ ಕಾದ ಎಣ್ಣೆಯು ತಾನೂ ಆಮ್ಲಜನಕದೊಡನೆ ಕೂಡಿ ದಪ್ಪನಾಗಿ, ಕೊನೆಗೆ ರಾಡಿಯಂತೆ ಮೂಲೆಮೂಲೆಗಳಲ್ಲಿ ಹತ್ತಿಕೊಳ್ಳುತ್ತದೆ. ಹೊರಗಿನ ನೀರು ಹೊಕ್ಕರಂತೂ ಕೇಡು ಕೂಡಲೇ ಕಾಣಿಸಿಕೊಳ್ಳುತ್ತದೆ. ತಿರುಗುವ ದಂಡಗಳು ಮಜ್ಜಿಗೆ ಕಡೆಯುವ ಕಡಗೋಲಿನಂತೆ ನೀರನ್ನೂ ಎಣ್ಣೆಯನ್ನೂ ಕಡೆದು ಒಂದಾಗಿಸುತ್ತವೆ. ಆ ಬಿಳಿಚಿದ ಮಿಶ್ರಣಕ್ಕೆ ಭಾರವನ್ನು ತಾಳುವ ಶಕ್ತಿಯಿಲ್ಲ. ನಾವು ಹೇಳಿದ ಆ ತೆಳುವಾದ ಪೊರೆಯು ಹರಿದು, ಉಕ್ಕು ಉಕ್ಕನ್ನು ಮುಟ್ಟುತ್ತದೆ. ಇಂತಹ ಸ್ಥಿತಿಯಲ್ಲಿ ಸ್ವಲ್ಪ ದೂರ ಓಡಿದರೂ ಬೇರಿಂಗು ಸುಟ್ಟುಹೋಗಬಹುದು. ಹಾಗಾದರೆ ಎಂಜಿನನ್ನು ಬಿಚ್ಚಿ ಸರಿಪಡಿಸುವ ವೆಚ್ಚವು ಹಳೆಯ ಗಾಡಿಯ ಬೆಲೆಯನ್ನೇ ಮೀರಬಹುದು.

ಉಳಿದ ಎಣ್ಣೆಯ ಲೆಕ್ಕ

"ಬೋಲ್ಟು ತೆಗೆದರೆ ಎಣ್ಣೆಯೆಲ್ಲ ಸುರಿದುಹೋಗುವುದಿಲ್ಲವೇ?" ಎಂದು ನಾನು ಕೇಳಿದೆನು. ಮಿಸ್ತ್ರಿ ನಕ್ಕನು. "ಮನೆಯಲ್ಲಿ ಎಣ್ಣೆಯ ಡಬ್ಬಿಯನ್ನು ಬೋರಲು ಹಾಕಿದ್ದೀರಾ? ಧಾರೆ ನಿಂತ ಮೇಲೆಯೂ ಗೋಡೆಯಿಂದ ಎಷ್ಟು ಹೊತ್ತು ಇಳಿಯುತ್ತಲೇ ಇರುತ್ತದೆ!" ಎಂದನು. ಮಾತು ನಿಜ. ಚೇಂಬರಿನ ತಳದಲ್ಲಿ ಬೋಲ್ಟಿನ ರಂಧ್ರಕ್ಕಿಂತ ತಗ್ಗಾದ ಮೂಲೆಗಳಲ್ಲಿ, ಫಿಲ್ಟರಿನ ಹೊಟ್ಟೆಯಲ್ಲಿ, ಪಂಪಿನಲ್ಲಿ, ಎಂಜಿನಿನ ಓಣಿಗಳಲ್ಲಿ, ತಲೆಯ ಭಾಗದ ಗುಂಡಿಗಳಲ್ಲಿ ಎಣ್ಣೆ ಉಳಿದೇ ಇರುತ್ತದೆ. ಎಂಜಿನನ್ನು ಪೂರ್ತಿ ಬಿಚ್ಚದ ಹೊರತು ಕೊನೆಯ ಹನಿಯನ್ನು ತೆಗೆಯುವುದು ಯಾರಿಂದಲೂ ಆಗದು. ಆದುದರಿಂದ ಪೂರ್ತಿ ಬಸಿಯುವುದು ಎಂದರೆ ಉಳಿಯುವ ಭಾಗವನ್ನು ಆದಷ್ಟು ಕಡಮೆ ಮಾಡುವುದು ಎಂದೇ ಅರ್ಥ.

ಇಲ್ಲಿ ನೀವು ತರಗತಿಯಲ್ಲಿ ಕಲಿತ ಭಿನ್ನರಾಶಿ ನೆರವಿಗೆ ಬರುತ್ತದೆ. ಒಂದು ಎಂಜಿನಿನಲ್ಲಿ 4 ಲೀಟರ್ ಎಣ್ಣೆ ಹಿಡಿಯುತ್ತದೆ ಎಂದೂ, ಬಸಿದಾಗ ½ ಲೀಟರ್ ಒಳಗೆ ಉಳಿಯುತ್ತದೆ ಎಂದೂ ಇಟ್ಟುಕೊಳ್ಳೋಣ. ಅದರ ಮೇಲೆ 3½ ಲೀಟರ್ ಹೊಸ ಎಣ್ಣೆ ಹೊಯ್ದರೆ ಒಟ್ಟು ಎಣ್ಣೆಯಲ್ಲಿ 8ರಲ್ಲಿ 1 ಪಾಲು ಹಳೆಯದು. ಸಾಧಾರಣವಾಗಿ ಕಪ್ಪಾದ ಎಣ್ಣೆಯಾದರೆ ಅಷ್ಟು ಉಳಿದರೂ ಅಪಾಯವಿಲ್ಲ. ಆದರೆ ನೀರು ಬೆರೆತು ಕೆಟ್ಟ ಎಣ್ಣೆಯಾದರೆ ಎಂಟನೆಯ ಒಂದು ಪಾಲೂ ಉಳಿದ ಏಳು ಪಾಲನ್ನು ಕೆಡಿಸಲು ಸಾಕು. ಆಗ ಎಂಜಿನನ್ನು ಕೆಲವು ನಿಮಿಷ ನಡೆಸಿ, ಎಲ್ಲವೂ ಚೆನ್ನಾಗಿ ಬೆರೆತ ಮೇಲೆ ಮತ್ತೆ ಬಸಿದು ಮತ್ತೆ ಹೊಯ್ದರೆ, ಉಳಿಯುವ ಹಳೆಯದು ಎಂಟನೆಯ ಒಂದರಲ್ಲಿ ಎಂಟನೆಯ ಒಂದು, ಅಂದರೆ 64ರಲ್ಲಿ 1 ಪಾಲು. ಮೂರನೆಯ ಸಲಕ್ಕೆ 512ರಲ್ಲಿ 1 ಪಾಲು. ಕೆಟ್ಟ ಎಣ್ಣೆಯನ್ನು ಒಂದೇ ಸಲ ಬಸಿದರೆ ಸಾಲದು, ಎರಡು ಮೂರು ಸಲ ಬಸಿಯಬೇಕು ಎಂಬ ಮಿಸ್ತ್ರಿಗಳ ರೂಢಿಯ ಹಿಂದೆ ಇರುವ ಗಣಿತ ಇದು.

ಆತುರದಲ್ಲಿ ಬಸಿದರೆ ಅರ್ಧ ಲೀಟರಿನ ಬದಲು ಎರಡು ಲೀಟರ್ ಉಳಿಯಿತೆನ್ನಿ. ಆಗ ಮೊದಲನೆಯ ಸಲ ಉಳಿಯುವುದು ಅರ್ಧ ಪಾಲು, ಎರಡನೆಯ ಸಲ ಕಾಲು ಪಾಲು, ಮೂರನೆಯ ಸಲ 8ರಲ್ಲಿ 1 ಪಾಲು. ಅಂದರೆ ಆತುರದಿಂದ ಮೂರು ಸಲ ಮಾಡಿದ ಕೆಲಸವು ತಾಳ್ಮೆಯಿಂದ ಒಂದು ಸಲ ಮಾಡಿದ ಕೆಲಸಕ್ಕೆ ಸಮ! ನಮ್ಮ ಗಾಡಿಯಲ್ಲಿ ಆದದ್ದೂ ಇದೇ. ಹಳೆಯದು ಒಳಗೆ ಬಹಳ ಉಳಿದಿದ್ದರೂ ಪೂರ್ತಿ ಅಳತೆಯ ಹೊಸ ಎಣ್ಣೆಯನ್ನು ಸುರಿದುದರಿಂದಲೇ ಅಳತೆಕಡ್ಡಿಯಲ್ಲಿ ಎಣ್ಣೆ ಗೆರೆಯನ್ನು ಮೀರಿ ನಿಂತಿತ್ತು.

ಬಸಿಯುವ ಕ್ರಮ

ಇನ್ನು ಆ ಮಿಸ್ತ್ರಿಯು ಮಾಡಿದ ಕ್ರಮವನ್ನು ಹೇಳುತ್ತೇನೆ. ಮೊದಲು ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟನು. ಜ್ಯಾಕಿನಿಂದ ಎತ್ತಿದ ಮೇಲೆ ಗಟ್ಟಿಯಾದ ಕಬ್ಬಿಣದ ಆಸರೆಗಳನ್ನು ಇಟ್ಟಲ್ಲದೆ ಅಡಿಗೆ ಹೋಗಲಿಲ್ಲ. ಬರಿಯ ಜ್ಯಾಕನ್ನು ನಂಬಿ ಗಾಡಿಯ ಅಡಿಗೆ ತಲೆಯಿಡುವುದು ಪ್ರಾಣಕ್ಕೆ ಅಪಾಯ. ಎತ್ತುವಾಗಲೂ ಬೋಲ್ಟು ಇರುವ ಕಡೆ ತಗ್ಗಾಗಿರಬೇಕು. ಬೋಲ್ಟು ಹಿಂದುಗಡೆಗಿದ್ದು ಗಾಡಿಯ ಹಿಂಭಾಗವನ್ನು ಎತ್ತಿದರೆ ಎಣ್ಣೆಯೆಲ್ಲ ಮುಂದಕ್ಕೆ ಸರಿದು ಒಳಗೇ ನಿಲ್ಲುತ್ತದೆ. ಅನ್ನದ ಗಂಜಿಯನ್ನು ಬಸಿಯುವಾಗ ತಾಯಂದಿರು ಪಾತ್ರೆಯನ್ನು ಯಾವ ಕಡೆಗೆ ವಾಲಿಸುವರೆಂಬುದನ್ನು ನೆನೆದರೆ ಇದು ತಿಳಿಯುತ್ತದೆ.

ಎಂಜಿನು ಬಿಸಿಯಿರುವಾಗ ಬಸಿಯಬೇಕೋ, ತಣ್ಣಗಿರುವಾಗಲೋ? ಸಾಧಾರಣ ಹಳೆಯ ಎಣ್ಣೆಯಾದರೆ ಬೆಚ್ಚಗಿರುವಾಗಲೇ ಬಸಿಯುವುದು ಲೇಸು. ಬೆಚ್ಚಗಿನ ಎಣ್ಣೆ ತೆಳುವಾಗಿ ಬೇಗ ಇಳಿಯುತ್ತದೆ. ಆಗತಾನೆ ಸುತ್ತಿ ಬಂದುದರಿಂದ ಕೊಳೆಯೂ ತಳದಲ್ಲಿ ಕೂಡದೆ ಎಣ್ಣೆಯೊಡನೆಯೇ ಹೊರಬೀಳುತ್ತದೆ. ಆದರೆ ದೂರ ಓಡಿಬಂದ ಎಂಜಿನಿನ ಎಣ್ಣೆಯು ಕುದಿಯುವ ನೀರಿನಷ್ಟು ಬಿಸಿಯಿರುತ್ತದೆ. ಕೈಮೇಲೆ ಬಿದ್ದರೆ ಬೊಬ್ಬೆಯೇಳುವುದು ಖಂಡಿತ. ಆದುದರಿಂದ ಕಾಲು ಗಂಟೆಯಾದರೂ ತಾಳಬೇಕು. ನೀರು ಹೊಕ್ಕ ಎಂಜಿನಿನ ಮಾತೇ ಬೇರೆ. ಅದನ್ನು ಬಿಸಿ ಮಾಡಲೆಂದು ನಡೆಸಲೇ ಬಾರದು. ನೀರು ಎಣ್ಣೆಗಿಂತ ಭಾರವಾದುದರಿಂದ, ಕಡೆಯದೆ ಬಿಟ್ಟ ಗಾಡಿಯಲ್ಲಿ ಅದು ತಳಕ್ಕಿಳಿದು ಬೋಲ್ಟಿನ ಬಳಿ ನಿಂತಿರುತ್ತದೆ. ತಣ್ಣಗಿರುವಾಗಲೇ ಬೋಲ್ಟನ್ನು ಸಡಿಲಿಸಿದರೆ ಮೊದಲು ನೀರೇ ಹೊರಬರುತ್ತದೆ. ಕಾರು ಮುಳುಗಿದ ಮರುದಿನ ಎಂಜಿನನ್ನು ಹೊರಳಿಸುವ ಮುನ್ನವೇ ಹೀಗೆ ಮಾಡಿದ್ದರೆ ನಮ್ಮ ಕೆಲಸ ಬಹಳ ಹಗುರವಾಗುತ್ತಿತ್ತು. ಈಗ ಎರಡೂ ಕಡೆದು ಒಂದಾಗಿದ್ದುದರಿಂದ ಬೇರೆ ದಾರಿಯಿರಲಿಲ್ಲ.

ಮಿಸ್ತ್ರಿಯು ಮೇಲಿನ ಎಣ್ಣೆ ಹೊಯ್ಯುವ ಮುಚ್ಚಳವನ್ನು ತೆಗೆದು, ಅಡಿಯಲ್ಲಿ ಅಗಲವಾದ ತಟ್ಟೆಯನ್ನಿಟ್ಟು, ಪಾನಾ ಹಾಕಿ ಬೋಲ್ಟನ್ನು ಸಡಿಲಿಸಿದನು. ಮೇಲಿನ ಮುಚ್ಚಳ ತೆರೆದರೆ ಗಾಳಿ ಒಳಹೊಕ್ಕು ಎಣ್ಣೆ ತಡೆಯಿಲ್ಲದೆ ಇಳಿಯುತ್ತದೆ. ಮೊದಲು ಹೆಬ್ಬೆರಳಿನ ಗಾತ್ರದ ಧಾರೆ ಬಂದಿತು, ಬಳಿಕ ದಾರದಷ್ಟು ಸಣ್ಣದಾಯಿತು, ಕೊನೆಗೆ ಹನಿಯಾಯಿತು. ಆಗ ಮಾವನವರು, "ಮುಗಿಯಿತಲ್ಲ, ಬೋಲ್ಟು ಹಾಕಿಬಿಡಿ" ಎಂದರು. ಮಿಸ್ತ್ರಿಯು ಕೈಗೆ ಚಹದ ಬಟ್ಟಲನ್ನು ಕೊಟ್ಟು, "ಈಗ ಕೆಲಸ ಶುರುವಾಯಿತು, ಕುಳಿತುಕೊಳ್ಳಿ" ಎಂದನು. ಅರ್ಧ ಗಂಟೆ ಹನಿಗಳು ಬೀಳುತ್ತಲೇ ಇದ್ದವು. ಒಂದು ಹನಿಗೂ ಇನ್ನೊಂದು ಹನಿಗೂ ನಡುವಿನ ಹೊತ್ತು ದೀರ್ಘವಾದ ಮೇಲೆಯೇ ಅವನು ಏಳುವ ಮನಸ್ಸು ಮಾಡಿದ್ದು.

ಆ ಬಳಿಕ ಅವನು ಫಿಲ್ಟರನ್ನು ಬಿಚ್ಚಿದನು. ಮೊದಮೊದಲಿನ ಮೋಟಾರುಗಾಡಿಗಳಿಗೆ ಈ ಫಿಲ್ಟರು ಇರಲೇ ಇಲ್ಲ. ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬವರು 1923ರಲ್ಲಿ ಅದನ್ನು ರೂಪಿಸಿದ ಮೇಲೆ ಅದು ಬಳಕೆಗೆ ಬಂದಿತು. ಮಡಿಕೆ ಮಡಿಕೆಯಾದ ವಿಶೇಷ ಕಾಗದದ ಮೂಲಕ ಎಣ್ಣೆಯನ್ನು ಸೋಸುವ ಡಬ್ಬಿಯಿದು. ಎಂಜಿನು ನಿಂತಾಗಲೂ ಎಣ್ಣೆ ಹಿಂದಕ್ಕೆ ಹರಿದುಹೋಗದಂತೆ ಬಹಳಷ್ಟು ಫಿಲ್ಟರುಗಳಲ್ಲಿ ಒಂದು ರಬ್ಬರಿನ ಕದವಿರುತ್ತದೆ. ಅದು ಗಾಡಿಗೆ ಅನುಕೂಲವಾದರೂ ಬಸಿಯುವವನಿಗೆ ತೊಡಕು. ಏಕೆಂದರೆ ಅಡಿಯ ಬೋಲ್ಟನ್ನು ತೆಗೆದರೂ ಫಿಲ್ಟರಿನೊಳಗಿನ ಕೆಟ್ಟ ಎಣ್ಣೆ ಅಲ್ಲಿಯೇ ನಿಂತಿರುತ್ತದೆ. ನಮ್ಮ ಗಾಡಿಯ ಫಿಲ್ಟರನ್ನು ಬೋರಲು ಹಾಕಿದಾಗ ಒಂದು ಬಟ್ಟಲು ತುಂಬ ಅದೇ ಕಾಫಿಯ ಬಣ್ಣದ ದ್ರವ ಸುರಿಯಿತು. ಹಿಂದಿನವರು ಅದನ್ನು ಮುಟ್ಟಿಯೇ ಇರಲಿಲ್ಲ.

ಬಳಿಕ ಹೊಸ ಫಿಲ್ಟರು ಹಾಕಿ, ಬೋಲ್ಟಿಗೆ ಹೊಸ ತಾಮ್ರದ ವಾಷರು ಕೊಟ್ಟು ಬಿಗಿದು, ಕಡಮೆ ಬೆಲೆಯ ಹೊಸ ಎಣ್ಣೆಯನ್ನು ಗೆರೆಯವರೆಗೆ ಹೊಯ್ದನು. ಬೋಲ್ಟನ್ನು ಬಿಗಿಯುವಾಗ ಬಲಪ್ರದರ್ಶನ ಮಾಡಲಿಲ್ಲ. ಚೇಂಬರಿನ ಮೆತ್ತಗಿನ ಲೋಹದ ಮರೆ ಕೆಟ್ಟರೆ ಎಣ್ಣೆ ಸದಾ ಸೋರುವುದು. ಎಂಜಿನನ್ನು ಹೊರಳಿಸಿದಾಗ ಕೆಂಪು ದೀಪ ಆರಿತು. ಕೆಲವು ನಿಮಿಷ ಮೆಲ್ಲಗೆ ನಡೆಸಿ ನಿಲ್ಲಿಸಿ, ಕಡ್ಡಿಯನ್ನು ಎಳೆದು ನೋಡಿದರೆ ಎಣ್ಣೆ ಇನ್ನೂ ಮಬ್ಬಾಗಿತ್ತು. ಮತ್ತೆ ಬಸಿದನು. ಎರಡನೆಯ ಸಲ ತಿಳಿಯಾದರೂ ಮುಚ್ಚಳದ ಒಳಮೈಯಲ್ಲಿ ಬೆಣ್ಣೆಯಂತಹ ಬಿಳಿಯ ಜಿಡ್ಡು ಉಳಿದಿತ್ತು. ಅದನ್ನು ಬಟ್ಟೆಯಿಂದ ಒರೆಸಿ ಮೂರನೆಯ ಸಲವೂ ಬಸಿದು, ಫಿಲ್ಟರನ್ನೂ ಮತ್ತೊಮ್ಮೆ ಬದಲಾಯಿಸಿ, ಆ ಎಂಜಿನಿಗೆ ತಕ್ಕ ಒಳ್ಳೆಯ ಎಣ್ಣೆಯನ್ನು ಹೊಯ್ದನು. ಈ ಸಲ ಕಡ್ಡಿಯ ಮೇಲಿನ ಎಣ್ಣೆಯ ಮೂಲಕ ಕಡ್ಡಿಯ ಗೆರೆಗಳು ಸ್ಪಷ್ಟವಾಗಿ ಕಂಡವು.

"ಸೀಮೆಎಣ್ಣೆ ಹಾಕಿ ಒಳಗನ್ನು ತೊಳೆದುಬಿಟ್ಟರೆ ಆಗದೇ?" ಎಂದು ನಾನು ಕೇಳಿದ್ದುಂಟು. ಸೀಮೆಎಣ್ಣೆಯು ಕೊಳೆಯನ್ನು ಕರಗಿಸುವುದೇನೋ ನಿಜ. ಆದರೆ ಅದರದ್ದೂ ಒಂದು ಭಾಗ ಒಳಗೆ ಉಳಿದು ಹೊಸ ಎಣ್ಣೆಯನ್ನು ತೆಳುವಾಗಿಸುತ್ತದೆ ಎಂದು ಅವನು ಉತ್ತರ ಕೊಟ್ಟನು. ಮೇಲೆ ಹೇಳಿದ ಭಿನ್ನರಾಶಿಯ ಲೆಕ್ಕ ಸೀಮೆಎಣ್ಣೆಗೂ ಅನ್ವಯಿಸುತ್ತದೆ. ಎಣ್ಣೆಯನ್ನು ತೊಳೆಯಲು ಎಣ್ಣೆಯೇ ಲೇಸು.

ಬಸಿದ ಎಣ್ಣೆ ಎಲ್ಲಿಗೆ?

ಇಷ್ಟೆಲ್ಲ ಆಗುವ ಹೊತ್ತಿಗೆ ತಟ್ಟೆಗಳಲ್ಲಿ ಸುಮಾರು ಹನ್ನೆರಡು ಲೀಟರ್ ಕೆಟ್ಟ ಎಣ್ಣೆ ಕೂಡಿತ್ತು. ರಸ್ತೆಯ ಆಚೆ ಒಂದು ಹಳ್ಳವಿತ್ತು. ಮಾವನವರು ಅದನ್ನು ತೋರಿಸಿ, "ಅಲ್ಲಿ ಚೆಲ್ಲಿಬಿಟ್ಟರಾಯಿತು" ಎಂದರು. ಮಿಸ್ತ್ರಿಯು ಒಪ್ಪಲಿಲ್ಲ. ಅವನು ಗ್ಯಾರೇಜಿನ ಮೂಲೆಯಲ್ಲಿದ್ದ ಪೀಪಾಯಿಗೆ ಅದನ್ನೆಲ್ಲ ಸುರಿದು ಮುಚ್ಚಳ ಹಾಕುತ್ತ, "ಸಾಹೇಬರೇ, ಈ ಹಳ್ಳ ಘೋಡ ನದಿಗೆ ಹೋಗುತ್ತದೆ. ಘೋಡ ಭೀಮೆಗೆ ಹೋಗುತ್ತದೆ" ಎಂದನು.

ಮಾವನವರು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅಳಿಯಾ, ಹಂಗಾರ ಇದು ನಮ್ಮೂರಿಗೇ ಹೋಗತದಲ್ಲೋ!" ಎಂದರು.

ಭೂಪಟವನ್ನು ತೆರೆದು ನೋಡಿರಿ. ಸಹ್ಯಾದ್ರಿಯಲ್ಲಿ ಹುಟ್ಟುವ ಘೋಡ ನದಿಯು ಶಿರೂರನ್ನು ದಾಟಿ ಭೀಮೆಯನ್ನು ಕೂಡುತ್ತದೆ. ನಮ್ಮ ಪುಣೆಯ ಮುಳಾ ಮುಠಾ ನದಿಗಳ ನೀರೂ ಭೀಮೆಯನ್ನೇ ಸೇರುತ್ತದೆ. ಆ ಭೀಮೆ ಉಜನಿ ಜಲಾಶಯವನ್ನು ಹಾದು, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ವಿಜಯಪುರ, ಕಲಬುರ್ಗಿ ಜಿಲ್ಲೆಗಳನ್ನು ಹೊಕ್ಕು, ಗಾಣಗಾಪುರದ ಬಳಿ ಹರಿದು, ಅಶೋಕನ ಶಾಸನ ದೊರೆತ ಸನ್ನತಿಯ ಮಗ್ಗುಲಿಂದ ಸಾಗಿ, ಕೊನೆಗೆ ಕೃಷ್ಣೆಯಲ್ಲಿ ಒಂದಾಗುತ್ತಾಳೆ. ನಿಮ್ಮಲ್ಲಿ ಅನೇಕರ ಅಜ್ಜ ಅಜ್ಜಿಯರು ಆ ನೀರನ್ನು ಕುಡಿದು ಬೆಳೆದವರೇ ಅಲ್ಲವೇ?

ಒಂದು ಕಾರಿನಿಂದ ಒಂದು ಸಲ ಬಸಿದ ಎಣ್ಣೆಯು ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯು ಹೇಳಿದೆ. ಎಣ್ಣೆಯು ನೀರಿನ ಮೇಲೆ ತೆಳುವಾಗಿ ಹರಡಿ ಗಾಳಿಯನ್ನು ತಡೆಯುತ್ತದೆ. ಅದರಲ್ಲಿರುವ ಲೋಹಗಳೂ ಸುಟ್ಟ ದ್ರವ್ಯಗಳೂ ಮೀನಿಗೂ ಮನುಷ್ಯನಿಗೂ ಹಾನಿಕರ. ನೆಲಕ್ಕೆ ಚೆಲ್ಲಿದರೆ ಮೆಲ್ಲಗೆ ಇಂಗಿ ಬಾವಿಯ ನೀರನ್ನು ಸೇರುತ್ತದೆ. ಆದುದರಿಂದಲೇ ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ಪ್ರಕಾರ ಬಳಸಿದ ಎಣ್ಣೆಯನ್ನು ಪರವಾನಗಿ ಪಡೆದವರಿಗೇ ಒಪ್ಪಿಸತಕ್ಕದ್ದು. 2023ರಲ್ಲಿ ಆ ನಿಯಮಗಳಿಗೆ ಮಾಡಿದ ತಿದ್ದುಪಡಿಯು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಎಣ್ಣೆಯನ್ನು ತಯಾರಿಸುವವರ ಮೇಲೂ ಅದರ ಮರುಬಳಕೆಯ ಹೊಣೆಯನ್ನು ಹೊರಿಸಿದೆ. ಇನ್ನೊಂದು ಸಂತೋಷದ ಸಂಗತಿಯೆಂದರೆ, ಎಣ್ಣೆಯು ಕೊಳೆಯಾಗುತ್ತದೆಯೇ ಹೊರತು ಪೂರ್ತಿ ನಾಶವಾಗುವುದಿಲ್ಲ. ಅದರೊಳಗಿನ ನೀರನ್ನೂ ಕೊಳೆಯನ್ನೂ ತೆಗೆದು, ಮತ್ತೆ ಶುದ್ಧೀಕರಿಸಿ, ಹೊಸ ಎಣ್ಣೆಯ ತಯಾರಿಕೆಗೆ ಉಪಯೋಗಿಸಬಹುದು. ಶಿರೂರಿನ ಆ ಪೀಪಾಯಿಯಲ್ಲಿ ಕೂಡಿದ್ದ ಎಣ್ಣೆಯನ್ನು ತಿಂಗಳಿಗೊಮ್ಮೆ ಅಂತಹವರು ಬಂದು ಕೊಂಡೊಯ್ಯುತ್ತಾರೆಂದು ಮಿಸ್ತ್ರಿ ಹೇಳಿದನು.

ನೀವು ಇನ್ನೂ ಚಿಕ್ಕವರು; ಗಾಡಿಯ ಅಡಿಗೆ ನುಗ್ಗಿ ಬೋಲ್ಟು ಬಿಚ್ಚಿರೆಂದು ನಾನು ಹೇಳುವುದಿಲ್ಲ. ಹಳೆಯ ಎಣ್ಣೆ ಪದೇ ಪದೇ ಚರ್ಮಕ್ಕೆ ಹತ್ತುವುದೂ ಒಳ್ಳೆಯದಲ್ಲ. ಆದರೆ ಮನೆಯ ಕಾರೋ, ಮೋಟಾರುಸೈಕಲ್ಲೋ ಎಣ್ಣೆ ಬದಲಾಯಿಸಲು ಹೋದಾಗ ಹಿರಿಯರ ಜೊತೆಯಲ್ಲಿ ಹೋಗಿ ಮೂರು ಪ್ರಶ್ನೆಗಳನ್ನು ಕೇಳಿರಿ. ಹನಿ ನಿಲ್ಲುವವರೆಗೆ ಬಿಟ್ಟಿರಾ? ಫಿಲ್ಟರನ್ನು ಬದಲಾಯಿಸಿದಿರಾ? ಬಸಿದ ಎಣ್ಣೆಯನ್ನು ಎಲ್ಲಿಗೆ ಕಳುಹಿಸುವಿರಿ? ಮೊದಲಿನ ಎರಡು ಪ್ರಶ್ನೆಗಳು ನಿಮ್ಮ ಗಾಡಿಯನ್ನು ಉಳಿಸುತ್ತವೆ. ಮೂರನೆಯದು ನೀವು ಕಾಣದ ಅನೇಕರ ನೀರನ್ನು ಉಳಿಸುತ್ತದೆ.

ಗೃಹಪ್ರವೇಶದ ಊಟಕ್ಕೆ ನಾವು ತಲುಪುವ ಹೊತ್ತಿಗೆ ಎಲೆ ಎತ್ತಿಯಾಗಿತ್ತು. ಮಿತ್ರರು ಮತ್ತೆ ಬಡಿಸಿದರು. ಸಂಜೆ ಹಿಂದಿರುಗುವಾಗ ಕೆಂಪು ದೀಪ ಒಮ್ಮೆಯೂ ಕಾಣಿಸಿಕೊಳ್ಳಲಿಲ್ಲ. ಕೋರೆಗಾಂವದ ಸೇತುವೆಯ ಮೇಲೆ ಮಾವನವರು ಗಾಡಿಯ ವೇಗವನ್ನು ಇಳಿಸಿ ಭೀಮೆಯನ್ನು ನೋಡಿದರು. ಈ ಸಲ ನಮಸ್ಕರಿಸಲು ಮರೆತರೋ, ಅಥವಾ ಬೇರೇನನ್ನೋ ಯೋಚಿಸುತ್ತಿದ್ದರೋ, ನಾನು ಕೇಳಲಿಲ್ಲ. ಮರುವಾರ ಅವರ ಮನೆಗೆ ಹೋದಾಗ, ಮೋಟಾರುಸೈಕಲ್ಲಿನಿಂದ ಬಸಿದ ಎಣ್ಣೆಯ ಡಬ್ಬಿಯೊಂದು ಬಾಗಿಲ ಬಳಿ ಮುಚ್ಚಳ ಹಾಕಿಸಿಕೊಂಡು ಕಾಯುತ್ತಿದ್ದುದನ್ನು ಕಂಡೆನು. ಅದರ ಮೇಲೆ ಮಾವನವರ ಕೈಬರಹದಲ್ಲಿ ಹೀಗೆ ಬರೆದಿತ್ತು: "ಚೆಲ್ಲಬಾರದು."